ಮೀಸೆಗೆ ಹತ್ತಿದ ಮಣ್ಣು

1954ರ ಮೇ ತಿಂಗಳ ಆರಂಭ. ಬರೋಡದ ಬೀದಿಗಳಲ್ಲಿ ಲಾರಿಗಳು ಬ್ಯಾನರು ಕಟ್ಟಿಕೊಂಡು ಸುತ್ತುತ್ತಿದ್ದವು. ಹೊಸ ಸಿನಿಮಾ ಬಂದಾಗ, ಚುನಾವಣೆ ಹತ್ತಿರವಾದಾಗ ಕಾಣುವ ಗದ್ದಲ ಅದು. ಈ ಸಲ ಊರಿಗೆ ಬಂದದ್ದು ಕುಸ್ತಿ, ಅದೂ ಹೆಣ್ಣೊಬ್ಬಳ ಕುಸ್ತಿ. ಹೆಸರು ಹಮೀದಾ ಬಾನು, ಊರು ಅಲೀಗಢ, ವಯಸ್ಸು ಮೂವತ್ತರ ಆಚೆ. ತನ್ನನ್ನು ಕುಸ್ತಿಯಲ್ಲಿ ಸೋಲಿಸಿದವನನ್ನು ಮದುವೆಯಾಗುತ್ತೇನೆ ಎಂದು ಆಕೆ ಫೆಬ್ರವರಿಯಲ್ಲಿ ಹಾಕಿದ ಸವಾಲು ಆಗಲೇ ಪತ್ರಿಕೆಗಳಲ್ಲೆಲ್ಲ ಓಡಾಡಿತ್ತು. ಸವಾಲು ಕೇಳಿ ಇಬ್ಬರು ಕಣಕ್ಕೆ ಇಳಿದಿದ್ದರು. ಒಬ್ಬ ಪಟಿಯಾಲದವನು, ಇನ್ನೊಬ್ಬ ಕಲ್ಕತ್ತದವನು. ಇಬ್ಬರೂ ಬಂದ ಹಾಗೇ ಒಂಟಿಯಾಗಿ ಮರಳಿದ್ದರು.

ಬರೋಡದಲ್ಲಿ ಆಕೆಗೆ ಜೋಡಿ ಕಟ್ಟಿದ್ದು ಛೋಟೇ ಗಾಮಾ ಎಂಬ ಪೈಲ್ವಾನನನ್ನು. ಬರೋಡದ ಮಹಾರಾಜರ ಆಶ್ರಯ ಪಡೆದಿದ್ದ ಆಸಾಮಿ. ಕಡೇ ಗಳಿಗೆಯಲ್ಲಿ ಅವನು, ಹೆಂಗಸಿನ ಜೊತೆ ನಾನು ಕುಸ್ತಿ ಹಿಡಿಯುವುದಿಲ್ಲ ಎಂದು ಹಿಂದೆ ಸರಿದ. ಅಷ್ಟು ಲಾರಿಗಳು ಅಷ್ಟು ದಿನ ಊರು ಸುತ್ತುವಾಗ ಆಕೆ ಹೆಂಗಸು ಅನ್ನುವುದು ಅವನ ಗಮನಕ್ಕೆ ಬಂದಿರಲಿಲ್ಲವೋ ಏನೋ. ಕೊನೆಗೆ ಅವನ ಜಾಗಕ್ಕೆ ಬಾಬಾ ಪೈಲ್ವಾನ್ ಎಂಬಾತ ಬಂದ. ಕೈಗೆ ಕೈ ಕೂಡಿತು. 1 ನಿಮಿಷ 34 ಸೆಕೆಂಡು. ಬಾಬಾನ ಬೆನ್ನಿಗೆ ಮಣ್ಣು ಹತ್ತಿತು.

ಅಸೋಸಿಯೇಟೆಡ್ ಪ್ರೆಸ್ ಈ ಸುದ್ದಿಯನ್ನು ಸಮುದ್ರದಾಚೆಗೆ ಕಳಿಸಿತು. ಬಾಬಾ ಇನ್ನು ಈಕೆಯ ಗಂಡನಾಗುವ ಪಟ್ಟಿಯಲ್ಲಿಲ್ಲ ಎಂದು ರೆಫರಿ ಸಾರಿದ ಸಂಗತಿಯನ್ನೂ ಸೇರಿಸಿ ಕಳಿಸಿತು. ಇದೇ ನನ್ನ ಕೊನೆಯ ಕುಸ್ತಿ ಎಂದು ಬಾಬಾ ಘೋಷಿಸಿ ಗೋದಾ ಬಿಟ್ಟ.

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ನಮ್ಮಲ್ಲಿ ಗಾದೆಯಿದೆ. ಬಿದ್ದವನು ಎದ್ದು ಕೊಡುವ ಸಬೂಬಿಗೆ ಇದಕ್ಕಿಂತ ಚೆಂದದ ಮಾತು ಯಾವ ಭಾಷೆಯಲ್ಲೂ ಇರಲಾರದು. ಆ ಮಟ್ಟಿಗೆ ಬಾಬಾ ಪೈಲ್ವಾನ್ ಪ್ರಾಮಾಣಿಕ. ಮೀಸೆಗೆ ಮಣ್ಣು ಹತ್ತಿದೆ ಎಂದು ಒಪ್ಪಿಕೊಂಡು ಮನೆಗೆ ಹೋದ. ಮಿಕ್ಕವರು ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. ಹಮೀದಾ ಬಾನು ಎಷ್ಟು ಗಂಡಸರನ್ನು ಕೆಡವಿದಳು ಅನ್ನುವ ಲೆಕ್ಕ ಸುಲಭ. ಬರೋಡಕ್ಕೆ ಬರುವ ಹೊತ್ತಿಗೆ 300ಕ್ಕೂ ಮೀರಿ ಕುಸ್ತಿ ಗೆದ್ದಿದ್ದೇನೆ ಎಂದು ಆಕೆಯೇ ಹೇಳಿಕೊಂಡಿದ್ದಳು. ಕಷ್ಟವಾದದ್ದು ಆ ಗಾದೆಯನ್ನು ಕೆಡವುವುದು. ಹದಿನೈದು ಇಪ್ಪತ್ತು ವರ್ಷ ಆಕೆ ನಿಜವಾಗಿ ಸೆಣಸಿದ್ದು ಅದರ ಜೊತೆ.

ಗೆದ್ದವನಿಗೆ ಹೆಣ್ಣು ಎಂಬ ಪಣ ಬರೋಡದ ಮಂದಿಗೂ ಹೊಸದಲ್ಲ, ನಮಗೂ ಅಲ್ಲ. ಲಕ್ಷ್ಮೀಶನ ಜೈಮಿನಿ ಭಾರತ ಓದಿದವರಿಗೆ, ಅದಕ್ಕಿಂತ ಹೆಚ್ಚಾಗಿ ಬಯಲಾಟದ ಮುಂದೆ ರಾತ್ರಿಯಿಡೀ ಕೂತವರಿಗೆ, ಪ್ರಮೀಳೆ ಗೊತ್ತು. ಹೆಣ್ಣುಗಳ ರಾಜ್ಯದ ಒಡತಿ, ಯಜ್ಞದ ಕುದುರೆ ಕಟ್ಟಿಹಾಕಿ ಅರ್ಜುನನನ್ನೇ ತಡವಿದವಳು. ತೆಂಕಣ ತುದಿಯಲ್ಲೂ ಇಂಥದೇ ಕಥೆ. ಮಧುರೆಯಿಂದ ಪಶ್ಚಿಮಕ್ಕೆ ತೇನಿ ದಾಟಿ ಕಂಬಂ ಕಣಿವೆಗೆ ಇಳಿದರೆ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುವ ಒಕ್ಕಲಿಗರ, ಕಪ್ಪಿಲಿಯರ ಊರುಗಳು ಸಿಗುತ್ತವೆ. ಶತಮಾನಗಳ ಹಿಂದೆ ಕನ್ನಡ ನಾಡಿನಿಂದ ಹೋದ ಬೇಸಾಯಗಾರರು ಅವರು. ಆ ಸೀಮೆಯೆಲ್ಲ ಮಧುರೆಯ ‘ಅಲ್ಲಿ’ ಎಂಬ ರಾಣಿಯ ಲಾವಣಿ ಕೇಳಿ ಬೆಳೆದದ್ದು. ಗಂಡಿನ ನೆರಳು ಸೋಕಿಸಿಕೊಳ್ಳದೆ ಆಳಿದವಳು ಈ ಅಲ್ಲಿ ರಾಣಿ. ಗೂಳಿಯನ್ನು ಅಪ್ಪಿ ನಿಲ್ಲಿಸಿದವನಿಗೆ ಗೊಲ್ಲರ ಹುಡುಗಿ ಒಲಿಯುವ ಚಿತ್ರ ಸಂಗಮ ಕಾಲದ ಕಲಿತ್ತೊಗೈಯಷ್ಟು ಹಳೆಯದು. ಗುಂಡುಕಲ್ಲು ಎತ್ತಿ ಹೆಗಲ ಹಿಂದಕ್ಕೆ ಉರುಳಿಸಿದವನಿಗೆ ಹೆಣ್ಣು ಕೊಡುತ್ತಿದ್ದರು ಎಂಬ ಮಾತೂ ಆ ಕಡೆಯ ಹಳ್ಳಿಗಳಲ್ಲಿ ಉಳಿದಿದೆ.

ಈ ಕಥೆಗಳೆಲ್ಲ ಮುಗಿಯುವ ಬಗೆ ಮಾತ್ರ ಒಂದೇ. ಪ್ರಮೀಳೆ ಕಡೆಗೆ ಅರ್ಜುನನ ಕೈಹಿಡಿಯುತ್ತಾಳೆ. ಅಲ್ಲಿ ರಾಣಿಯನ್ನು ಗೆಲ್ಲಲಾಗದೆ ಅದೇ ಅರ್ಜುನ ಹಾವಾಗಿ ಅಂತಃಪುರ ಹೊಕ್ಕು, ನಿದ್ದೆಯಲ್ಲಿದ್ದವಳ ಕೊರಳಿಗೆ ತಾಳಿ ಕಟ್ಟಿ ಬರುತ್ತಾನೆ. (ಅರ್ಜುನನಿಗೆ ಈ ಒಂದು ವಿಷಯದಲ್ಲಿ ಊರೂರಲ್ಲೂ ಕೆಲಸ.) ಜನರಿಗೆ ಹಮೀದಾ ಬಾನುವಿನ ಪಣ ಅಷ್ಟು ಬೇಗ ಅರ್ಥವಾದದ್ದು ಕಥೆಯ ಕೊನೆ ಮೊದಲೇ ಗೊತ್ತಿದ್ದುದರಿಂದ. ಇವತ್ತಲ್ಲ ನಾಳೆ ಒಬ್ಬ ಅರ್ಜುನ ಬಂದೇ ಬರುತ್ತಾನೆ, ಆ ದಿನ ನಾವೂ ಅಲ್ಲಿರಬೇಕು ಎಂದು ಟಿಕೆಟ್ಟು ಕೊಂಡರು. ಅರ್ಜುನ ಬರಲೇ ಇಲ್ಲ.

ಆಕೆ ಹುಟ್ಟಿದ್ದು ಉತ್ತರ ಪ್ರದೇಶದ ಮಿರ್ಜಾಪುರದ ಕಡೆ. ಅಲೀಗಢಕ್ಕೆ ಬಂದು ಸಲಾಂ ಪೈಲ್ವಾನ್ ಎಂಬ ಉಸ್ತಾದನ ಕೈಕೆಳಗೆ ಪಟ್ಟು ಕಲಿತಳು. ಎರಡು ವಾಕ್ಯದಲ್ಲಿ ಹೇಳಿ ಮುಗಿಸುವ ಸಂಗತಿಯಲ್ಲ ಇದು. ಗರಡಿಮನೆ ಎಂದರೆ ಏನು ಅನ್ನುವುದು ಮೈಸೂರು ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ತಲೆ ಬಗ್ಗಿಸಿಯೇ ಒಳಗೆ ಹೋಗಬೇಕಾದ ಗಿಡ್ಡ ಬಾಗಿಲು. ಒಳಗೆ ಅರೆಗತ್ತಲು, ಗೋಡೆಯ ಮೇಲೆ ಹನುಮಂತ, ಮೂಲೆಯಲ್ಲಿ ಗದೆ, ಸಾಮಿನ ಕಲ್ಲು. ನಡುವೆ ಎಣ್ಣೆ, ಅರಿಶಿನ ಬೆರೆಸಿ ಹದ ಮಾಡಿದ ಕೆಮ್ಮಣ್ಣು, ಅದೇ ಮಟ್ಟಿ. ಚಪ್ಪಲಿ ಹೊರಗೆ, ಹೆಣ್ಣೂ ಹೊರಗೆ. ಹನುಮಂತ ಬ್ರಹ್ಮಚಾರಿ, ಪೈಲ್ವಾನನೂ ಬ್ರಹ್ಮಚರ್ಯ ಹಿಡಿದವನು, ಹೆಣ್ಣಿನ ಗಾಳಿ ಸೋಕಿದರೆ ಮಟ್ಟಿಯ ಸತ್ವ ಹೋಗುತ್ತದೆ ಎಂಬ ನಂಬಿಕೆ. ಉತ್ತರದ ಮುಸ್ಲಿಂ ಉಸ್ತಾದರ ಅಖಾಡಗಳಲ್ಲಿ ಹನುಮಂತನ ಪಟ ಇರಲಿಕ್ಕಿಲ್ಲ, ಆದರೆ ಈ ಕಟ್ಟಳೆಯಲ್ಲಿ ವ್ಯತ್ಯಾಸವೇನೂ ಇರಲಿಲ್ಲ. ಅಂಥ ಮಣ್ಣಿಗೆ ಒಬ್ಬ ಉಸ್ತಾದ ಒಂದು ಹೆಣ್ಣನ್ನು ಇಳಿಸಿದ. ಮುಂದೆ ಅವನು ಮಾಡಿದ್ದನ್ನೂ ಬರೆಯಬೇಕಾಗುತ್ತದೆ. ಅದಕ್ಕೆ ಮೊದಲು ಇದನ್ನು ಅವನ ಲೆಕ್ಕಕ್ಕೆ ಹಾಕಿಬಿಡೋಣ.

ಹಾಗೆ ಕಲಿತ ಹೆಣ್ಣು ಯಾರ ಜೊತೆ ಕುಸ್ತಿ ಹಿಡಿಯಬೇಕು? ದೇಶದಲ್ಲಿ ಆಕೆಗೆ ಸಮನಾದ ಇನ್ನೊಂದು ಹೆಣ್ಣು ಜೋಡಿ ಇರಲಿಲ್ಲ. ಗಂಡಸರ ಮೇಲೆ ಬಿದ್ದದ್ದಕ್ಕೆ ದೊಡ್ಡ ಸಿದ್ಧಾಂತವೇನೂ ಬೇಕಿಲ್ಲ. ಕಣದ ಆಚೆ ಬದಿಯಲ್ಲಿ ಸಿಗುತ್ತಿದ್ದವರು ಅವರು ಮಾತ್ರ.

ನಮ್ಮೂರ ಜಾತ್ರೆಯಲ್ಲಿ ಮಧ್ಯಾಹ್ನದ ಮೇಲೆ ಕುಸ್ತಿ ಶುರುವಾಗುತ್ತಿತ್ತು. ಮೊದಲು ತೆಂಗಿನಕಾಯಿಗೆ ಹೊಡೆದಾಡುವ ಹುಡುಗರು, ಬಿಸಿಲು ಇಳಿದ ಮೇಲೆ ಬೆಳ್ಳಿ ಕಡಗದ ಜೋಡಿಗಳು. ಹಲಗೆಯವನು ಪೈಲ್ವಾನರ ಮೈಗಿಂತ ಒಂದು ಹೆಜ್ಜೆ ಮುಂದೆ ಬಾರಿಸುತ್ತಿದ್ದ. ಇಬ್ಬರೂ ಮಣ್ಣು ಹಿಡಿದು ಒಬ್ಬರ ಮೈಗೊಬ್ಬರು ಎರಚಿ, ಕೈ ಕೂಡಿಸಿ, ಕುತ್ತಿಗೆಗೆ ಕೈಹಾಕಿ ಹಣೆಗೆ ಹಣೆ ಒತ್ತಿ ನಿಂತರೆ ಹತ್ತು ನಿಮಿಷ ಏನೂ ನಡೆಯದ ಹಾಗೆ ಕಾಣುತ್ತಿತ್ತು. ನಡೆಯುತ್ತಿದ್ದುದೆಲ್ಲ ಕಾಲ ಹೆಬ್ಬೆರಳಲ್ಲಿ. ಪಕ್ಕದಲ್ಲಿ ಕೂತ ಮುದುಕರು ಅದನ್ನೇ ನೋಡುತ್ತಿದ್ದರು. ಹೆಬ್ಬೆರಳು ಮಣ್ಣು ಬಿಟ್ಟಿತೋ, ಅವನು ಹೋದ. ಇವರಿಗೆ ಗಡಿಯಾರ ಬೇಡ, ಪಾಯಿಂಟು ಬೇಡ, ಚಿತ್ ಆಗುವವರೆಗೂ ಕುಸ್ತಿ. ಇದನ್ನು ಕಂಡವರಿಗೆ ಒಂದೂವರೆ ನಿಮಿಷದ ಗೆಲುವು ಎಂದರೆ ಎರಡೇ ಅರ್ಥ. ಒಂದೋ ಎದುರಿನವನು ಏನೂ ಅಲ್ಲ, ಇಲ್ಲವೋ ಗೆದ್ದವರು ಬಹಳ ದೊಡ್ಡವರು. ಹಮೀದಾಳ ವಿಷಯದಲ್ಲಿ ಜನ ಮೂರನೆಯದೊಂದು ಅರ್ಥ ಹುಡುಕಿದರು. ಅದಕ್ಕೆ ಆಮೇಲೆ ಬರುತ್ತೇನೆ.

ಪತ್ರಿಕೆಗಳಿಗೆ ಆಕೆಯ ಪಟ್ಟುಗಳಿಗಿಂತ ತಟ್ಟೆಯ ಮೇಲೆ ಕಣ್ಣು. 5 ಅಡಿ 3 ಅಂಗುಲ ಎತ್ತರ, 108 ಕಿಲೋ ತೂಕ. ದಿನಕ್ಕೆ 5.6 ಲೀಟರು ಹಾಲು, 2.8 ಲೀಟರು ಸೂಪು, 1.8 ಲೀಟರು ಹಣ್ಣಿನ ರಸ. ಒಂದು ಇಡೀ ಕೋಳಿ, ಕಿಲೋ ಹತ್ತಿರ ಮಟನ್ನು, ಬಾದಾಮಿ, ಅರ್ಧ ಕಿಲೋ ಬೆಣ್ಣೆ, 6 ಮೊಟ್ಟೆ, ಎರಡು ದೊಡ್ಡ ಬ್ರೆಡ್ಡು, ಎರಡು ತಟ್ಟೆ ಬಿರಿಯಾನಿ. ಹಾಲೊಂದನ್ನೇ ಇವತ್ತಿನ ಅರ್ಧ ಲೀಟರಿನ ಪ್ಯಾಕೆಟ್ಟಿನಲ್ಲಿ ಎಣಿಸಿದರೆ ಹನ್ನೊಂದು ಮುಗಿದು ಹನ್ನೆರಡನೆಯದನ್ನು ಕತ್ತರಿಸಬೇಕು. ಒಂಬತ್ತು ಗಂಟೆ ನಿದ್ದೆ, ಆರು ಗಂಟೆ ಸಾಧನೆ ಎಂದು ರಾಯಿಟರ್ಸ್ ವರದಿ ಮಾಡಿತು. ಪೈಲ್ವಾನರ ಊಟ ಎಂದರೆ ಊರಿಗೆ ಯಾವತ್ತೂ ಕಥೆಯೇ. ಹಿಂದಿನ ಕಾಲದ ಮಹಾ ಪೈಲ್ವಾನ್, ದೊಡ್ಡ ಗಾಮಾನ ಹಾಲು ಬಾದಾಮಿಯ ಲೆಕ್ಕವನ್ನೂ ಜನ ಹೀಗೇ ಹೇಳುತ್ತಿದ್ದರು. ಆದರೆ ಗಾಮಾನ ಊಟ ಹೇಳುವವರು ಕೊನೆಗೆ, ಅದಕ್ಕೇ ಅವನು ಝಬಿಸ್ಕೋ ಎಂಬ ವಿದೇಶಿ ಪೈಲ್ವಾನನನ್ನು ಕೆಡವಿದ್ದು ಎಂದು ಕುಸ್ತಿಗೆ ಬರುತ್ತಿದ್ದರು. ಹಮೀದಾಳ ಊಟದ ಸುದ್ದಿ ಊಟದಲ್ಲೇ ಮುಗಿಯುತ್ತಿತ್ತು. ಆಕೆಯನ್ನು ಒಮ್ಮೆ ನೋಡಿದರೆ ಸಾಕು, ಬೆನ್ನುಹುರಿಯಲ್ಲಿ ನಡುಕ ಹುಟ್ಟುತ್ತದೆ ಎಂದು ಅಂಕಣಕಾರರೊಬ್ಬರು ಬರೆದರು. ಇಂಗ್ಲಿಷ್ ಪತ್ರಿಕೆಗಳು ಗ್ರೀಕ್ ಪುರಾಣದಿಂದ ಹೆಸರು ತಂದು ಅಲೀಗಢದ ಅಮೆಜಾನ್ ಎಂದು ಕರೆದವು.

ಖ್ಯಾತಿ ಬರೋಡಕ್ಕೆ ಹತ್ತು ವರ್ಷ ಮೊದಲೇ ಬಂದಿತ್ತು. 1944ರಲ್ಲಿ, ಎರಡನೆಯ ಮಹಾಯುದ್ಧ ಇನ್ನೂ ನಡೆಯುತ್ತಿದ್ದಾಗ, ಮುಂಬಯಿಯ ಒಂದು ಕ್ರೀಡಾಂಗಣದಲ್ಲಿ ಸುಮಾರು 20,000 ಜನ ಸೇರಿದ್ದರು. ಹಮೀದಾ ಬಾನು ಮತ್ತು ಗೂಂಗಾ ಪೈಲ್ವಾನ್ ಜೋಡಿ. ಜನ ಬಂದು ಕೂತರು, ಹೊತ್ತು ಹೋಯಿತು, ಗೂಂಗಾ ಬರಲಿಲ್ಲ. ಇನ್ನೂ ಹಣ ಬೇಕು, ತಯಾರಿಗೆ ಇನ್ನೂ ಸಮಯ ಬೇಕು ಎಂದು ಅವನು ಪಟ್ಟು ಹಿಡಿದಿದ್ದ. ಕುಸ್ತಿಯ ಪಟ್ಟಲ್ಲ ಇದು, ವ್ಯಾಪಾರದ್ದು. ಪಂದ್ಯ ರದ್ದು ಎಂದು ಸಾರಿದ ಕೂಡಲೇ ಜನ ಕ್ರೀಡಾಂಗಣವನ್ನು ಪುಡಿಪುಡಿ ಮಾಡಿದರು. ಬಾಂಬೆ ಕ್ರಾನಿಕಲ್ ಅದನ್ನು ವರದಿ ಮಾಡಿತು. ಆಕೆಯನ್ನು ನೋಡಲೇಬೇಕು ಎಂಬ ಹಂಬಲ ಆ ಮಟ್ಟಕ್ಕೆ ಏರಿತ್ತು.

ಆ ಕಾಲದ ಕುಸ್ತಿಯ ವ್ಯಾಪಾರವನ್ನು ತುಸು ಹತ್ತಿರದಿಂದ ನೋಡಬೇಕು. ಸಂಸ್ಥಾನಗಳು ಹೋದವು, ರಾಜರ ಆಶ್ರಯವೂ ಹೋಯಿತು. ಪೈಲ್ವಾನನಿಗೆ ಹಾಲು ತುಪ್ಪಕ್ಕೆ ಅರಮನೆಯ ಬದಲು ಟಿಕೆಟ್ಟಿನ ಕಿಟಕಿಯೇ ಗತಿಯಾಯಿತು. ಫ್ರೀಸ್ಟೈಲ್ ಎಂಬ ಪದಕ್ಕೆ ಆಗ ಎರಡು ಬೇರೆ ಬೇರೆ ಅರ್ಥ. ಒಂದು ಒಲಿಂಪಿಕ್ಸಿನ ಫ್ರೀಸ್ಟೈಲು. 1952ರಲ್ಲಿ ಹೆಲ್ಸಿಂಕಿಯಲ್ಲಿ ಖಾಶಾಬಾ ಜಾಧವ್ ಕಂಚು ಗೆದ್ದದ್ದು ಅದರಲ್ಲಿ, ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಪದಕ. ಇನ್ನೊಂದು ಪೋಸ್ಟರಿನ ಫ್ರೀಸ್ಟೈಲು. ಕಿಂಗ್ ಕಾಂಗ್, ದಾರಾ ಸಿಂಗ್ ಎಂಬ ಪೈಲ್ವಾನರ ಹೆಸರಿನಲ್ಲಿ ಊರೂರಿನ ಮೈದಾನ ತುಂಬಿಸಿದ್ದು, ಬಿರುದು ಬಾವಲಿ ಹಚ್ಚಿ ಮಾರಿದ್ದು. ನಮ್ಮ ಹಿರಿಯರು ಫ್ರೀಸ್ಟೈಲ್ ಕುಸ್ತಿ ಎನ್ನುವಾಗ ಬಹುಪಾಲು ಹೇಳುತ್ತಿದ್ದುದು ಈ ಎರಡನೆಯದನ್ನೇ. ಹಮೀದಾ ಬಾನು ಇದ್ದದ್ದು ಈ ಎರಡರ ನಡುವಿನ ಇಕ್ಕಟ್ಟಿನಲ್ಲಿ. ಆಕೆ ಕಲಿತದ್ದು ಮಣ್ಣಿನ ಕುಸ್ತಿ, ಬದುಕಿದ್ದು ಪೋಸ್ಟರಿನಲ್ಲಿ. ಕ್ರೀಡಾ ಇತಿಹಾಸಕಾರ ರೊಣೊಜಯ್ ಸೇನ್ ಒಂದು ಪ್ರಸಂಗವನ್ನು ಹೇಳುತ್ತಾರೆ. ಆಕೆಯ ಪಂದ್ಯದ ಬೆನ್ನಿಗೇ ಇನ್ನೊಂದು ಕುಸ್ತಿ ಏರ್ಪಾಡಾಗಿತ್ತು, ಒಬ್ಬ ಕುಂಟ, ಇನ್ನೊಬ್ಬ ಕುರುಡ. ಕುರುಡನಿಗೆ ಹಲ್ಲುನೋವು ಬಂತೆಂದು ಆ ಪಂದ್ಯ ನಡೆಯಲಿಲ್ಲ, ಕುಂಟನೇ ಗೆದ್ದನೆಂದು ಸಾರಿದರು. ನಗು ಬರುತ್ತದೆ, ಸರಿ. ಆದರೆ ಪಟ್ಟಿಯಲ್ಲಿ ಆಕೆಯ ಹೆಸರನ್ನು ಎಲ್ಲಿಟ್ಟಿದ್ದರು ನೋಡಿ. ಕುಂಟ, ಕುರುಡ, ಹೆಂಗಸು. ಸರ್ಕಸ್ಸಿನ ಸರಣಿ ಅದು.

ಅದೇ ಐವತ್ತರ ದಶಕದಲ್ಲಿ ಕಲ್ಕತ್ತದ ರೇಬಾ ರಕ್ಷಿತ್ ಎಂಬ ಹೆಣ್ಣುಮಗಳು ಎದೆಯ ಮೇಲೆ ಆನೆ ಹತ್ತಿಸಿಕೊಂಡು ಹೆಸರು ಮಾಡಿದ್ದಳು. ಹೆಣ್ಣಿನ ಬಲ ಆನೆಯ ಕೆಳಗೆ ಇದ್ದರೆ ಅದು ಅಚ್ಚರಿ, ಚಪ್ಪಾಳೆ. ಗಂಡಸಿನ ಮೇಲೆ ಬಂದಾಗ ಆಯೋಜಕರಿಗೆ ಪೊಲೀಸರು ಬೇಕಾಗುತ್ತಿದ್ದರು.

ಕೊಲ್ಲಾಪುರದಲ್ಲಿ ಹಾಗೇ ಆಯಿತು. ಬೆಳಗಾವಿಯ ಪೈಲ್ವಾನರಿಗೆ ಕೊಲ್ಲಾಪುರ ಕಾಶಿ ಇದ್ದ ಹಾಗೆ. ಶಾಹೂ ಮಹಾರಾಜರ ಕಾಲದಿಂದ ಅಲ್ಲಿಯ ಮಣ್ಣಿಗೆ ದೊಡ್ಡ ಮಾನ. ಖಾಶಾಬಾ ಜಾಧವ್ ಕಂಚಿನ ಪದಕ ತಂದಾಗ ಆ ಸೀಮೆಯ ಜನ 151 ಎತ್ತಿನ ಗಾಡಿ ಕಟ್ಟಿ ಮೆರವಣಿಗೆ ಮಾಡಿದ್ದರು. ಅಂಥ ಕುಸ್ತಿ ಬಲ್ಲ ಊರಿನಲ್ಲಿ ಹಮೀದಾ ಒಬ್ಬ ಗಂಡು ಪೈಲ್ವಾನನನ್ನು ಕೆಡವಿದಾಗ ಜನ ಕೂಗಿ ಹಳಿದರು, ಕಲ್ಲು ತೂರಿದರು. ಗುಂಪನ್ನು ಹತೋಟಿಗೆ ತರಲು ಪೊಲೀಸರು ನುಗ್ಗಬೇಕಾಯಿತು. ಕೂಗಿದ ಆರೋಪ ಒಂದೇ: ಇದು ಮೋಸ, ಅವನು ಬೇಕೆಂದೇ ಬಿದ್ದ. ಉತ್ತರದವರು ಇಂಥದಕ್ಕೆ ನೂರಾ ಕುಸ್ತಿ ಎನ್ನುತ್ತಾರೆ, ಒಳಗೊಳಗೇ ಮಾತಾಡಿಕೊಂಡು ಹಿಡಿಯುವ ಕುಸ್ತಿ. ನಾನು ಹೇಳಿದ ಮೂರನೆಯ ಅರ್ಥ ಇದೇ. ಉತ್ತರ ಪ್ರದೇಶ, ಪಂಜಾಬಿನಲ್ಲಿ ಆಕೆಯ ಪಂದ್ಯ ನೋಡಲು ದೂರದೂರಿನಿಂದ ಜನ ಬರುತ್ತಿದ್ದರು, ಥೇಟ್ ಗಂಡಸರ ಹಾಗೇ ಕುಸ್ತಿ ಹಿಡಿಯುತ್ತಿದ್ದಳು ಎಂದು 1987ರ ತಮ್ಮ ಪುಸ್ತಕದಲ್ಲಿ ಬರೆದ ಲೇಖಕ ಮಹೇಶ್ವರ ದಯಾಳ್ ಕೂಡ, ಒಳಗೆ ಒಪ್ಪಂದ ಇರುತ್ತಿತ್ತು ಎಂದು ಕೆಲವರು ಹೇಳುತ್ತಾರೆ ಎಂಬ ಮಾತನ್ನೂ ಜೊತೆಗೆ ಸೇರಿಸಿಯೇ ಮುಂದೆ ಹೋಗುತ್ತಾರೆ.

ಪುಣೆಯಲ್ಲಿ ಕಲ್ಲು ತೂರುವ ತನಕವೂ ಬರಲಿಲ್ಲ. ರಾಮಚಂದ್ರ ಸಾಳುಂಕೆಯ ಜೊತೆ ನಡೆಯಬೇಕಿದ್ದ ಕುಸ್ತಿಗೆ ಅಲ್ಲಿಯ ಕುಸ್ತಿ ಸಂಸ್ಥೆಯಾದ ರಾಷ್ಟ್ರೀಯ ತಾಲೀಮ್ ಸಂಘ ಅಡ್ಡಿ ಮಾಡಿತು, ಪಂದ್ಯ ನಿಂತುಹೋಯಿತು. ಹಮೀದಾ ಸುಮ್ಮನೆ ಕೂರುವ ಪೈಕಿ ಅಲ್ಲ. ಮುಂಬಯಿ ರಾಜ್ಯದ ಮುಖ್ಯಮಂತ್ರಿ ಮೊರಾರ್ಜಿ ದೇಸಾಯಿಗೇ ದೂರು ಕೊಟ್ಟಳು. 1956ರವರೆಗೆ ನಮ್ಮ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಜಿಲ್ಲೆಗಳಿಗೂ ಅವರೇ ಮುಖ್ಯಮಂತ್ರಿ. ದೇಸಾಯಿ ಉತ್ತರ ಕೊಟ್ಟರು: ಪಂದ್ಯ ತಡೆದದ್ದು ಆಕೆ ಹೆಣ್ಣೆಂಬ ಕಾರಣಕ್ಕಲ್ಲ, ಆಯೋಜಕರು ಆಕೆಯ ಎದುರಿಗೆ ಡಮ್ಮಿಗಳನ್ನು ನಿಲ್ಲಿಸುತ್ತಿದ್ದಾರೆ ಎಂಬ ದೂರುಗಳು ಬಂದ ಕಾರಣಕ್ಕೆ.

ಈ ಉತ್ತರವನ್ನು ನಾನು ಹಲವು ಸಲ ಮನಸ್ಸಿನಲ್ಲೇ ತಿರುವಿ ನೋಡಿದ್ದೇನೆ. ತೀರಾ ಅನ್ಯಾಯದ ಮಾತು ಎಂದು ತಳ್ಳಿಹಾಕುವ ಹಾಗಿಲ್ಲ. ಪೋಸ್ಟರಿನ ಕುಸ್ತಿಯಲ್ಲಿ ಒಳಒಪ್ಪಂದ ಇದ್ದೇ ಇತ್ತು. ಕುಂಟ, ಕುರುಡರ ಜೋಡಿ ಕಟ್ಟಿದ ಆಯೋಜಕರು ಡಮ್ಮಿ ಕಟ್ಟಲು ಹೇಸುತ್ತಿದ್ದರು ಅನ್ನಲಾಗದು. ಆದರೆ ದಾರಾ ಸಿಂಗ್, ಕಿಂಗ್ ಕಾಂಗರ ಪಂದ್ಯಗಳ ಮೇಲೂ ಅದೇ ಗುಮಾನಿ ಇತ್ತು, ಜನ ನಕ್ಕು ಮತ್ತೆ ಟಿಕೆಟ್ಟು ಕೊಂಡರು. ಹಮೀದಾಳ ಎದುರು ಮಾತ್ರ ಗುಮಾನಿಯೇ ತೀರ್ಪಾಯಿತು. ಒಳ್ಳೆಯ ಪೈಲ್ವಾನರು ಹೆಣ್ಣಿನ ಜೊತೆ ಆಡುವುದಿಲ್ಲ ಎನ್ನುತ್ತಾರೆ, ಛೋಟೇ ಗಾಮಾನ ಹಾಗೆ. ಆಗ ಉಳಿಯುವವರು ಸಣ್ಣವರು. ಸಣ್ಣವರನ್ನು ಕೆಡವಿದರೆ, ಡಮ್ಮಿ ಎನ್ನುತ್ತಾರೆ. ಬೇಗ ಗೆದ್ದರೆ ಮೋಸ, ತಡವಾಗಿ ಗೆದ್ದರೆ ಎದುರಿನವನ ದಾಕ್ಷಿಣ್ಯ. ಗಂಡಸಿನ ಮೀಸೆಗೆ ಮಣ್ಣು ಹತ್ತದಂತೆ ಇಷ್ಟು ಕಡೆಯಿಂದ ಕೈ ಅಡ್ಡ ಬಂದದ್ದು ಬೇರೆ ಯಾವ ಆಟದಲ್ಲೂ ಇರಲಾರದು.

ಜನಪ್ರಿಯತೆಯ ಇನ್ನೊಂದು ಮುಖ ಉರ್ದು ಕಥೆಯೊಂದರಲ್ಲಿದೆ. ಕುರ್ರತುಲ್ ಐನ್ ಹೈದರ್ ಅವರ ‘ಡಾಲನ್‌ವಾಲಾ’ದಲ್ಲಿ ಫಕೀರಾ ಎಂಬ ಮನೆಯಾಳು ಹಮೀದಾಳ ಕುಸ್ತಿ ನೋಡಿ ಬಂದು, ಆ ಹೆಣ್ಣುಸಿಂಹವನ್ನು ಯಾರೂ ಕೆಡವಲಾರರು ಎಂದು ವರದಿ ಒಪ್ಪಿಸುತ್ತಾನೆ. ಸಂಘದವರು, ಸರ್ಕಾರದವರು, ಪತ್ರಿಕೆಯವರು ಡಮ್ಮಿಯೋ ಅಸಲಿಯೋ ಎಂದು ತಲೆ ಕೆಡಿಸಿಕೊಂಡಿದ್ದಾಗ ಫಕೀರಾನಿಗೆ ಅಂಥ ಅನುಮಾನ ಇಲ್ಲ. ಅವನು ಕಣ್ಣಾರೆ ನೋಡಿ ಬಂದಿದ್ದಾನೆ.

1954ರಲ್ಲೇ ಮುಂಬಯಿಯಲ್ಲಿ ಆಕೆಯ ಎದುರಿಗೆ ಕೊನೆಗೂ ಒಂದು ಹೆಣ್ಣು ಬಂತು. ವೆರಾ ಚಿಸ್ಟಿಲಿನ್, ರಷ್ಯಾದ ಹೆಣ್ಣು ಕರಡಿ ಎಂಬ ಬಿರುದು ಹೊತ್ತವಳು. ಒಂದು ನಿಮಿಷವೂ ಹಿಡಿಯಲಿಲ್ಲ, ಕರಡಿ ಚಿತ್. ಈ ಸಲ ಮೀಸೆಯ ಪ್ರಶ್ನೆ ಇರಲಿಲ್ಲವಾಗಿ ಯಾರೂ ಕಲ್ಲು ಹುಡುಕಲಿಲ್ಲ. ಅದೇ ವರ್ಷ ಆಕೆ ಇನ್ನೊಂದು ಮಾತು ಹೇಳಿದಳು. ಯೂರೋಪಿಗೆ ಹೋಗುತ್ತೇನೆ, ಅಲ್ಲಿಯ ಪೈಲ್ವಾನರ ಜೊತೆ ಸೆಣಸುತ್ತೇನೆ.

ಆಮೇಲೆ ಕುಸ್ತಿಯ ಸುದ್ದಿಗಳಲ್ಲಿ ಹಮೀದಾ ಬಾನು ಇಲ್ಲ. ಅಷ್ಟು ಲಾರಿ, ಬ್ಯಾನರು, ಅಷ್ಟು ಲೀಟರು ಹಾಲಿನ ಲೆಕ್ಕ ಎಲ್ಲ ಥಟ್ಟನೆ ನಿಂತುಹೋಯಿತು. ಏನಾಯಿತೆಂದು ಪತ್ರಿಕೆಗಳು ಬರೆಯಲಿಲ್ಲ. ಎಷ್ಟೋ ವರ್ಷಗಳ ಮೇಲೆ ಅದನ್ನು ಹೇಳಿದವನು ಆಕೆಯ ಸಾಕು ಮೊಮ್ಮಗ. ಯೂರೋಪಿಗೆ ಹೋಗುವುದು ಸಲಾಂ ಪೈಲ್ವಾನನಿಗೆ ಬೇಡವಾಗಿತ್ತು. ತಡೆಯಲು ಹೊಡೆದ. ಕೈ ಮುರಿದ. ಕಾಲೂ ಮುರಿದಿತ್ತು ಎಂದು ನೆರೆಯವರೊಬ್ಬರು ನೆನೆಯುತ್ತಾರೆ. ನಿಲ್ಲಲೂ ಆಗುತ್ತಿರಲಿಲ್ಲ, ಮೂಳೆ ಕೂಡಿದ ಮೇಲೂ ವರ್ಷಗಟ್ಟಲೆ ಕೋಲು ಊರಿಯೇ ನಡೆಯಬೇಕಾಯಿತು. 300 ಕುಸ್ತಿಗಳಲ್ಲಿ ಯಾವ ಪೈಲ್ವಾನನೂ ಮುಟ್ಟಲಾಗದ ಕೈಯನ್ನು ಮುರಿದವನು, ಮನೆಯವರ ಮಾತಿನ ಪ್ರಕಾರ, ಆ ಕೈಗೆ ಪಟ್ಟು ಕಲಿಸಿದವನೇ. ಅದು ಕಣದಲ್ಲಿ ನಡೆಯಲಿಲ್ಲ, ಆದ್ದರಿಂದ ಟಿಕೆಟ್ಟು ಇರಲಿಲ್ಲ, ರೆಫರಿ ಇರಲಿಲ್ಲ.

ಸಲಾಂ ಅಲೀಗಢಕ್ಕೆ ಮರಳಿದ. ಹಮೀದಾ ಮುಂಬಯಿಯ ಹತ್ತಿರದ ಕಲ್ಯಾಣದಲ್ಲಿ ಉಳಿದಳು. ಹಾಲಿನ ವ್ಯಾಪಾರ ಮಾಡಿದಳು. ಕೆಲವು ಕಟ್ಟಡಗಳನ್ನು ಬಾಡಿಗೆಗೆ ಕೊಟ್ಟಿದ್ದಳು. ಕೈಯಲ್ಲಿ ದುಡ್ಡು ಬತ್ತಿದ ಮೇಲೆ ಮನೆಯಲ್ಲಿ ಕರಿದ ತಿಂಡಿಯನ್ನು ರಸ್ತೆಬದಿಯಲ್ಲಿ ಇಟ್ಟು ಮಾರಿದಳು. 1986ರಲ್ಲಿ ತೀರಿಕೊಂಡಳು. ಅದರ ಮರುವರ್ಷ, 1987ರಲ್ಲಿ, ನಾರ್ವೆಯ ಲೋರೆನ್‌ಸ್ಕೋಗ್‌ನಲ್ಲಿ ಹೆಂಗಸರ ಮೊದಲ ವಿಶ್ವ ಕುಸ್ತಿ ಚಾಂಪಿಯನ್‌ಶಿಪ್ ನಡೆಯಿತು. ಆಕೆ ಹೋಗಬೇಕೆಂದಿದ್ದ ಯೂರೋಪಿನಲ್ಲಿ.

ಮುಂದಿನದು ನಮಗೆಲ್ಲ ಗೊತ್ತಿರುವ ಕಥೆ, ಹಾಗಾಗಿ ಬೇಗ ಹೇಳುತ್ತೇನೆ. ದಿಲ್ಲಿಯ ತಮ್ಮ ಅಖಾಡದ ಮಣ್ಣಿಗೆ ಮಾಸ್ಟರ್ ಚಂದಗೀರಾಮ್ ಹೆಣ್ಣುಮಕ್ಕಳನ್ನು ಇಳಿಸಿ ಬೈಸಿಕೊಂಡರು. 2004ರಲ್ಲಿ ಅಥೆನ್ಸಿನಲ್ಲಿ ಹೆಂಗಸರ ಫ್ರೀಸ್ಟೈಲ್ ಒಲಿಂಪಿಕ್ಸಿಗೆ ಸೇರಿತು. 2010ರಲ್ಲಿ ಗೀತಾ ಫೋಗಟ್ ಕಾಮನ್‌ವೆಲ್ತ್ ಚಿನ್ನ, 2016ರಲ್ಲಿ ರಿಯೋದಲ್ಲಿ ಸಾಕ್ಷಿ ಮಲಿಕ್ ಕಂಚು. ಮೈಸೂರು ದಸರೆಯ ಕಣದಲ್ಲಿ ಈಗ ಹುಡುಗಿಯರೂ ದಸರಾ ಕಿಶೋರಿ ಬಿರುದಿಗೆ ಸೆಣಸುತ್ತಾರೆ. ಹಳಿಯಾಳ, ಗದಗ, ಧಾರವಾಡದ ಕಡೆಯ ಹುಡುಗಿಯರು ಗೆದ್ದಾಗ, ಎದುರಾಳಿ ಬೇಕೆಂದೇ ಬಿದ್ದಳು ಎಂದು ಹೇಳುವವರಿಲ್ಲ. ಎದುರಿಗಿರುವುದೂ ಹೆಣ್ಣೇ ಅಲ್ಲವೆ. ತೂಕದ ಲೆಕ್ಕ ಮಾತ್ರ ಉಳಿದುಕೊಂಡಿದೆ. 2024ರ ಪ್ಯಾರಿಸ್ಸಿನಲ್ಲಿ ವಿನೇಶ್ ಫೋಗಟ್ 50 ಕಿಲೋ ವಿಭಾಗದ ಫೈನಲಿಗೆ ಬಂದು, 100 ಗ್ರಾಂ ಹೆಚ್ಚಾಯಿತೆಂದು ಹೊರಬಿದ್ದಾಗ, ದೇಶವೆಲ್ಲ ಆಕೆ ಹಿಂದಿನ ರಾತ್ರಿ ಏನು ಕುಡಿದಳು, ಎಷ್ಟು ಬೆವರಿದಳು ಎಂದು ಎಣಿಸುತ್ತ ಕೂತಿತ್ತು.

ಅದೇ 2024ರ ಮೇ 4ರಂದು ಗೂಗಲ್ ತನ್ನ ಮುಖಪುಟದಲ್ಲಿ ಹಮೀದಾ ಬಾನುವಿನ ಚಿತ್ರ ಹಾಕಿತು, ಬರೋಡದ ಆ 1 ನಿಮಿಷ 34 ಸೆಕೆಂಡಿನ ನೆನಪಿಗೆ. ಬರೆದವರು ಬೆಂಗಳೂರಿನ ಕಲಾವಿದೆ ದಿವ್ಯಾ ನೇಗಿ. ನಮ್ಮಲ್ಲಿ ಬಹಳ ಮಂದಿ ಆ ಹೆಸರು ಮೊದಲು ಕೇಳಿದ್ದು ಅವತ್ತು ಬೆಳಗ್ಗೆ, ಮೊಬೈಲಿನಲ್ಲಿ ಇನ್ನೇನನ್ನೋ ಹುಡುಕಲು ಹೋದಾಗ. ನಾನೂ ಅವರಲ್ಲೊಬ್ಬ.

ಸೋಲಿಸಿದವನನ್ನು ಮದುವೆಯಾಗುತ್ತೇನೆ ಎಂದವಳನ್ನು ಯಾರೂ ಸೋಲಿಸಲಿಲ್ಲ. ಮದುವೆಯ ಪ್ರಶ್ನೆ ಮಾತ್ರ ಎರಡು ಮನೆಗಳ ನಡುವೆ ಇಂದಿಗೂ ಹಾಗೇ ಇದೆ. ಅಲೀಗಢದಲ್ಲಿ ಸಲಾಂ ಪೈಲ್ವಾನನ ಮಗಳು, ನಮ್ಮಪ್ಪ ಆಕೆಯನ್ನು ಮದುವೆಯಾಗಿದ್ದ, ಆಕೆ ನನಗೆ ಮಲತಾಯಿ ಎನ್ನುತ್ತಾಳೆ. ಹಮೀದಾ ಸಾಯುವವರೆಗೂ ಜೊತೆಗಿದ್ದ ಸಾಕು ಮೊಮ್ಮಗ ಇಲ್ಲವೆನ್ನುತ್ತಾನೆ. ಅಜ್ಜಿ ಸಲಾಂ ಜೊತೆ ಇದ್ದದ್ದು ನಿಜ, ಆದರೆ ಮದುವೆ ಆಗಿರಲಿಲ್ಲ.